ಗೂಡುದೀಪದೊಳಗೆ ಮಿಣುಕು ಬೆಳಕು



ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಬಿಜೂರಿನ ಕಡೆ ಅಂಗಳದಲ್ಲಿ ಗೂಡುದೀಪ ಏರಲೇಬೇಕು. ಬಿದಿರ ಕಡ್ಡಿ, ಬಣ್ಣದ ಕಾಗದ, ಮೈದಾ ಅಂಟು, ಇವನ್ನೆಲ್ಲ ನಿಮಗೆ ನಾನು ಹೇಳಿಕೊಡಬೇಕೆ? ತಕರಾರೆಲ್ಲ ಒಳಗಿನ ದೀಪದ್ದು. ಎರಡು ವರ್ಷದ ಹಿಂದೆ ಪೇಟೆಯಿಂದ ತಂದ ಸೀರಿಯಲ್ ಸೆಟ್ ತೂಗಿಸಿದ್ದೆವು. ಸಂಜೆ ಒಂದು ಮಳೆ ಹೊಡೆಯಿತು. ಒದ್ದೆ ಕೈಯಲ್ಲಿ ವಯರು ಸರಿಮಾಡಲು ಹೋದೆ, ಮೊಣಕೈವರೆಗೂ ಜುಮ್ಮೆಂದಿತು! ಆಮೇಲೆ ಮನೆಯಲ್ಲಿ ಗೂಡುದೀಪದ ಮಾತೇ ಇಲ್ಲ.

ಕಳೆದ ವರ್ಷ ಎಂಟನೇ ತರಗತಿಯ ಮಗಳು, "ಅಮ್ಮಾ, ಆರ್ಡುಯಿನೋದಲ್ಲಿ ಮಾಡುವ" ಎಂದಳು. ಅತ್ತೆಯವರು ಕೂಡಲೇ, "ಹೆಣ್ಮಕ್ಕಳಿಗೆ ಕರೆಂಟಿನ ಉಸಾಬರಿ ಎಂತಕ್ಕೆ ಹೆಣೆ?" ಎಂದರು. ಸುಳ್ಳೇಕೆ ಹೇಳಲಿ, ಮನಸ್ಸಿನಲ್ಲಿ ನಾನೂ ಹೌದೆಂದೆ.

ಆರ್ಡುಯಿನೋ ಎಂದರೆ ಅಂಗೈಯಲ್ಲಿ ಹಿಡಿಯುವ ಹಲಗೆ. 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ ವಿದ್ಯಾರ್ಥಿಗಳು ಸುಲಭವಾಗಿ ಕಲಿಯಲೆಂದು ಮಾಡಿದ್ದು. ಅದರ ಮೇಲಿನ ಕಪ್ಪು ಚಿಪ್ಪೇ ಮೈಕ್ರೋಕಂಟ್ರೋಲರ್. ನಾವು ಬರೆದುಕೊಟ್ಟ ಆಜ್ಞೆಯನ್ನು ನೆನಪಿಟ್ಟು ಮಾಡುವುದು ಅದರ ಕೆಲಸ. ನಡೆಯುವುದು ಬರೀ 5 ವೋಲ್ಟಿನಲ್ಲಿ. ಗೋಡೆಯ ಪ್ಲಗ್ಗಿನಲ್ಲಿರುವುದು 230! ಇದನ್ನು ಕೇಳಿದ ಮೇಲೆಯೇ ನನಗೆ ಧೈರ್ಯ ಬಂದದ್ದು.

ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಆರ್ಡುಯಿನೋ ಊನೋ, ಹಳದಿ ಎಲ್‌ಇಡಿ ಮೂರು, 220 ಓಮಿನ ರೆಸಿಸ್ಟರ್ ಮೂರು (ಮೈಮೇಲೆ ಕೆಂಪು, ಕೆಂಪು, ಕಂದು ಪಟ್ಟಿ ಇರುತ್ತದೆ), ತೂತುತೂತಿನ ಬ್ರೆಡ್‌ಬೋರ್ಡ್, ನಾಲ್ಕಾರು ತುಂಡು ವಯರು. ಬೆಸುಗೆ ಹಾಕುವ ರಗಳೆಯಿಲ್ಲ, ಚುಚ್ಚಿದರಾಯಿತು. ರೆಸಿಸ್ಟರ್ ಮಾತ್ರ ಬಿಡಬೇಡಿ. ಐದರಲ್ಲಿ ಎಲ್‌ಇಡಿಗೆ ಬೇಕಾದದ್ದು ಸುಮಾರು 2 ವೋಲ್ಟ್. ಉಳಿದ 3 ವೋಲ್ಟನ್ನು ರೆಸಿಸ್ಟರ್ ಹೊತ್ತುಕೊಂಡು ಕರೆಂಟನ್ನು 14 ಮಿಲಿಆಂಪಿಯರಿನ ಹತ್ತಿರ ತಡೆಯುತ್ತದೆ. ಅದಿಲ್ಲದಿದ್ದರೆ ಹಾಲು ಉಕ್ಕಿದ ಹಾಗೆ ಕರೆಂಟು ಉಕ್ಕಿ ಎಲ್‌ಇಡಿ ಸುಡಬಹುದು, ಹಲಗೆಯೂ ಕೆಡಬಹುದು.

9, 10, 11ನೇ ಪಿನ್ನುಗಳಿಂದ ಒಂದೊಂದು ವಯರು ಒಂದೊಂದು ರೆಸಿಸ್ಟರಿಗೆ, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲಿಗೆ. ಗಿಡ್ಡ ಕಾಲುಗಳೆಲ್ಲ 'ಜಿಎನ್‌ಡಿ' ಎಂದು ಬರೆದ ಪಿನ್ನಿಗೆ. ನಮ್ಮ ಮೂರರಲ್ಲಿ ಒಂದು ಹೊತ್ತಲೇ ಇಲ್ಲ. ಮಗಳು ಲ್ಯಾಪ್‌ಟಾಪಿನಲ್ಲಿ ಅರ್ಧ ಗಂಟೆ ತಪ್ಪು ಹುಡುಕಿದಳು, ಕಣ್ಣಲ್ಲಿ ನೀರು. ಅಕ್ಕಿಯಲ್ಲಿ ಕಲ್ಲು ಆರಿಸಿದ ಕಣ್ಣು ನನ್ನದು. ಹತ್ತಿರ ಹೋಗಿ ನೋಡಿದರೆ ಉದ್ದ ಕಾಲು ಗಿಡ್ಡ ಕಾಲಿನ ಜಾಗದಲ್ಲಿತ್ತು! ತಿರುಗಿಸಿ ಚುಚ್ಚಿದೆ, ಹೊತ್ತಿತು. ಎಲ್‌ಇಡಿ ಒಂದೇ ದಿಕ್ಕಿಗೆ ಕರೆಂಟು ಬಿಡುವುದು, ಅಷ್ಟೇ ವಿಷಯ.

ಆಜ್ಞೆಯ ಸಾಲುಗಳು ಇಂಗ್ಲಿಷಿನಲ್ಲಿರುತ್ತವೆ, ಹೆದರಬೇಡಿ. 'ಅನಲಾಗ್‌ರೈಟ್' ಎಂಬ ಆಜ್ಞೆಗೆ ಸೊನ್ನೆಯಿಂದ 255ರವರೆಗೆ ಅಂಕೆ ಕೊಟ್ಟರೆ ಬೆಳಕು ಅಷ್ಟಷ್ಟೇ ಏರುತ್ತದೆ. 'ರ‍್ಯಾಂಡಮ್' ಎಂದು ಬರೆದು 120ರಿಂದ 255ರೊಳಗೆ ಯಾವುದಾದರೂ ಅಂಕೆಯನ್ನು ಚಿಪ್ಪೇ ಆರಿಸಿಕೊಳ್ಳುವಂತೆ ಮಾಡಿದೆವು, ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗ ಬಿಡುವು. ಗಾಳಿಗೆ ಹಣತೆ ಅಲುಗಿದಂತೆಯೇ ಕಾಣುತ್ತದೆ. ಸಾಲಿನ ಕೊನೆಯ ಅರ್ಧವಿರಾಮ ಮರೆತರೆ ಯಂತ್ರ ಮುನಿಸಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಇಲ್ಲದವರು ಒಂದು ಗಂಟೆಗೆ ಯಾರಲ್ಲಾದರೂ ಕೇಳಿ ತನ್ನಿ, ಒಮ್ಮೆ ತುಂಬಿಸಿದ ಆಜ್ಞೆ ಚಿಪ್ಪಿನಲ್ಲೇ ಉಳಿಯುತ್ತದೆ. ಕೆಲವು ಶಾಲೆಗಳಲ್ಲಿ ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಇದೆ (ಯೋಜನೆ 2016ರದ್ದು), ಅಲ್ಲಿಯೂ ವಿಚಾರಿಸಿ.

ಮೊದಲು ಪವರ್ ಬ್ಯಾಂಕಿಗೆ ಸಿಕ್ಕಿಸಿದೆವು, ಅರ್ಧ ನಿಮಿಷಕ್ಕೆ ಆರಿತು. ಇಷ್ಟು ಕಡಿಮೆ ಕರೆಂಟು ಹೋಗುತ್ತಿದ್ದರೆ ಕೆಲವು ತಾವೇ ಬಂದ್ ಆಗಿಬಿಡುತ್ತವಂತೆ. ಕೊನೆಗೆ ಫೋನಿನ ಒಳ್ಳೆಯ ಚಾರ್ಜರನ್ನು ಮನೆಯೊಳಗೇ ಹಾಕಿ, ಉದ್ದ ಕೇಬಲ್ಲನ್ನು ಕಿಟಕಿಯಿಂದ ಹೊರಗೆ ಬಿಟ್ಟೆವು. ಹಲಗೆಯನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮಾಡಿನ ಕೆಳಗೇ ತೂಗಿಸಿದ್ದು.

ಬಲೀಂದ್ರ ಪೂಜೆಯ ಸಂಜೆ ಅತ್ತೆಯವರು ಜಗಲಿಯಲ್ಲಿ ಕುಳಿತು ಬಹಳ ಹೊತ್ತು ನೋಡಿದರು. "ಎಣ್ಣೆ ಹಾಕೂಕೆ ಇಲ್ಯಾ?" ಎಂದು ಕೇಳಿದರು, ಅಷ್ಟೇ. ತುಳಸಿ ಪೂಜೆ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಹಳೇ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದೇವೆ. ಡಬ್ಬಿಯ ಮೇಲೆ ಮಗಳು ತನ್ನ ಹೆಸರಿನ ಪಕ್ಕ ನನ್ನ ಹೆಸರನ್ನೂ ಬರೆದಿದ್ದಾಳೆ.