ತಟ್ಟೆಯ ರುಚಿ, ತಳ್ಳುಗಾಡಿಯ ಗತಿ

ರಜೆಯೆಂಬುದು ಪಾಪವಲ್ಲ. ವರ್ಷವಿಡೀ ಕಚೇರಿಯಲ್ಲಿಯೋ ಕಾರ್ಖಾನೆಯಲ್ಲಿಯೋ ಬೆನ್ನು ಬಗ್ಗಿಸಿದವನು ನಾಲ್ಕು ದಿನ ಸಮುದ್ರದ ಗಾಳಿಗೆ ಮೈಯೊಡ್ಡುವುದನ್ನು ನಾವು ಆಕ್ಷೇಪಿಸುವವರಲ್ಲ. ಸಂಬಳಸಹಿತ ರಜೆ ದುಡಿಯುವ ಜನ ಹೋರಾಡಿ ಪಡೆದದ್ದೇ ಹೊರತು ಧಣಿಗಳು ಕರುಣಿಸಿ ಕೊಟ್ಟದ್ದಲ್ಲ. ನಮ್ಮ ತಕರಾರು ವಿಹಾರದ ಮೇಲಲ್ಲ, ವಿಹಾರಿಯ ಕುರುಡಿನ ಮೇಲೆ.

ಮಲೇಷ್ಯಾದ ಪೆನಾಂಗ್ ದ್ವೀಪವನ್ನು ತೆಗೆದುಕೊಳ್ಳೋಣ. 2023ರ ಡಿಸೆಂಬರಿನಲ್ಲಿ ಭಾರತೀಯರಿಗೆ ಆ ದೇಶ ವೀಸಾ ವಿನಾಯಿತಿ ಕೊಟ್ಟ ಮೇಲೆ ನಮ್ಮ ಮಧ್ಯಮ ವರ್ಗಕ್ಕೂ ಅದು ಹತ್ತಿರವಾಗಿದೆ. ಹೋದವರ ದಿನಚರಿ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ, 1923ರಲ್ಲಿ ಹಾಕಿದ ಹಗ್ಗದ ರೈಲುಹಾದಿಯಲ್ಲಿ ಬೆಟ್ಟಕ್ಕೆ. ಅಲ್ಲಿಂದ ಕೆಕ್ ಲೋಕ್ ಸಿ ದೇಗುಲಕ್ಕೆ. ಮಧ್ಯಾಹ್ನ ಜಾರ್ಜ್‌ಟೌನಿನ ಗೋಡೆಚಿತ್ರಗಳ ಮುಂದೆ ಫೋಟೋ. ಬಿಸಿಲಿಗೊಂದು ಬಟ್ಟಲು ಚೆಂಡೋಲ್. ಸಂಜೆ ಗರ್ನಿ ಡ್ರೈವಿನ ಗಾಡಿಸಾಲಿನಲ್ಲಿ ಚಾರ್ ಕ್ವೇ ಟಿಯೋ, ಹುಳಿ ಲಕ್ಸಾ, ರೋಜಕ್. ಊರಿಗೆ ಬಂದ ಮೇಲೆ ಒಂದೇ ಉದ್ಗಾರ: ಎಷ್ಟು ರುಚಿ, ಎಷ್ಟು ಅಗ್ಗ!

ಈ ಅಗ್ಗಕ್ಕೆ ಬೆಲೆ ತೆರುತ್ತಿರುವವರು ಯಾರು?

1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಲೈಟ್ ಆ ದ್ವೀಪವನ್ನು ವಶಪಡಿಸಿಕೊಂಡ. ಆದರೆ ಊರು ಕಟ್ಟಿದವರು ಚೀನದ ಕೂಲಿಗಳು, ಭಾರತದಿಂದ ಸಾಗಿಸಿದ ಕೈದಿಗಳು ಮತ್ತು ಕೂಲಿಕಾರರು. ಇಂದು ಜನ ಸಾಲುಗಟ್ಟಿ ತಿನ್ನುವ ನಾಸಿ ಕಂದರ್, ತಮಿಳು ಮುಸಲ್ಮಾನರು ಕಾವಡಿಯಲ್ಲಿ ಹೊತ್ತು ಬಂದರಿನ ಹಮಾಲರಿಗೆ ಮಾರಿದ ಅನ್ನ. ಪೆನಾಂಗಿನ ರುಚಿಯೆಂದರೆ ವಲಸೆ ಬಂದ ಬಡವರ ರುಚಿ.

ಅಂಥ ಊರಿನಲ್ಲಿ 2016ರಿಂದ ಒಂದು ನಿಯಮ ಜಾರಿಗೆ ಬಂದಿತು: ಬೀದಿ ತಿನಿಸಿನ ಮುಖ್ಯ ಅಡುಗೆಗೆ ವಿದೇಶಿ ಕಾರ್ಮಿಕರು ನಿಲ್ಲಕೂಡದು, ಸಹಾಯಕರಾಗಿ ದುಡಿಯಲು ಅಡ್ಡಿಯಿಲ್ಲ! ಪರಂಪರೆಯ ರುಚಿ ಕೆಡಬಾರದೆಂಬುದು ಕಾರಣ. ತಟ್ಟೆ ತೊಳೆಯುವ ಕೈಗೆ ಸೌಟು ಹಿಡಿಯುವ ಹಕ್ಕಿಲ್ಲವೆಂದಾಯಿತು. ನೂರು ವರ್ಷದ ಹಿಂದೆ ಇದೇ ನಿಯಮವಿದ್ದಿದ್ದರೆ ಕಾಪಾಡಬೇಕಾದ ರುಚಿಯಾದರೂ ಎಲ್ಲಿರುತ್ತಿತ್ತು?

ರುಚಿಗೆ ಇಷ್ಟು ರಕ್ಷಣೆ, ಮನುಷ್ಯರಿಗೆಷ್ಟು? ಹಳೆಯ ಮನೆಗಳ ಬಾಡಿಗೆಗೆ ಮಿತಿ ಹಾಕಿದ್ದ ಕಾನೂನು 2000ದ ಜನವರಿಯಲ್ಲಿ ಕೊನೆಗೊಂಡಿತು. ಬಾಡಿಗೆ ಏರಿತು; ತಲೆಮಾರುಗಳಿಂದ ಪೇಟೆಯಲ್ಲಿದ್ದ ಬಡ ಕುಟುಂಬಗಳು ಗಂಟುಮೂಟೆ ಕಟ್ಟಿದವು. 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಮುದ್ರೆ ಬಿದ್ದ ಮೇಲೆ ಹಳೆಯ ಅಂಗಡಿಮನೆಗಳು ಒಂದೊಂದಾಗಿ ಹೋಟೆಲುಗಳಾದವು. ಗೋಡೆ ಉಳಿಯಿತು, ಗೋಡೆಯೊಳಗಿನ ಸಂಸಾರ ಹೊರಟುಹೋಯಿತು. ದ್ವೀಪದ ದಕ್ಷಿಣ ತೀರದಲ್ಲಿ ಮೀನುಗಾರರ ವಿರೋಧವನ್ನೂ ಲೆಕ್ಕಿಸದೆ 2023ರಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ಕೃತಕ ದ್ವೀಪ ಕಟ್ಟುವ ಕೆಲಸ ಆರಂಭವಾಯಿತು. ಸೀಗಡಿ ಬೇಕು, ಸೀಗಡಿ ಹಿಡಿಯುವವನು ಬೇಡ!

ಕೇಳುವವರು ಇರಲಿಲ್ಲವೇ? ಇದ್ದರು. 1957ರಲ್ಲಿ ಜಾರ್ಜ್‌ಟೌನ್ ನಗರಸಭೆ ಜನ ಆರಿಸಿದ ಸಭೆಯಾಗಿತ್ತು. ಲೇಬರ್ ಪಕ್ಷದ ಡಿ. ಎಸ್. ರಾಮನಾಥನ್ ಮೊದಲ ಮೇಯರಾದರು. 1965ರಲ್ಲಿ ಇಂಡೋನೇಷ್ಯಾದೊಡನೆ ನಡೆದಿದ್ದ ಸಂಘರ್ಷದ ಕಾರಣ ಹೇಳಿ ಸ್ಥಳೀಯ ಚುನಾವಣೆಗಳನ್ನು ನಿಲ್ಲಿಸಲಾಯಿತು. ಸಂಘರ್ಷ ಮುಗಿಯಿತು, ಚುನಾವಣೆ ಮರಳಲಿಲ್ಲ. 1976ರ ಕಾನೂನು ಅದನ್ನು ಸಮಾಧಿ ಮಾಡಿತು. ಗಾಡಿಯವನಿಗೆ ಪರವಾನಗಿ ಕೊಡುವ ಸಭೆಗೆ ಗಾಡಿಯವನ ಮತ ಬೇಡವಾಯಿತು.

ಪ್ರವಾಸಿಗರಿಂದ ಎಲ್ಲರಿಗೂ ಅನ್ನ ಸಿಗುತ್ತದೆಂದು ವಾದಿಸುವವರಿದ್ದಾರೆ. ಸಿಗುತ್ತದೆ, ನಿಜ. ಆದರೆ ಗಾಡಿ ನಿಲ್ಲಿಸುವ ಜಾಗ, ತಲೆಯ ಮೇಲಿನ ಸೂರು, ಮೀನಿರುವ ಕಡಲು, ಇವುಗಳ ಮೇಲೆ ಹಕ್ಕಿಲ್ಲದವನಿಗೆ ಆ ಅನ್ನ ಇಂದಿಗಷ್ಟೇ, ನಾಳೆಗೆ ಖಾತರಿಯಿಲ್ಲ.

ಇನ್ನು ನಮ್ಮ ವಿಹಾರಿ. ಪೆನಾಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಗಾಡಿಯವನನ್ನು ಕಲಾವಿದನೆಂದು ಕೊಂಡಾಡಿದ ಮಹನೀಯರೇ ಊರಿಗೆ ಮರಳಿ, ಫುಟ್‌ಪಾತಿನ ಇಡ್ಲಿ ಗಾಡಿಯನ್ನು ಎತ್ತಿಸಿರೆಂದು ಅರ್ಜಿ ಬರೆಯುತ್ತಾರೆ. ಅಲ್ಲಿ ಪರಂಪರೆ, ಇಲ್ಲಿ ಒತ್ತುವರಿ! 2014ರ ಬೀದಿ ವ್ಯಾಪಾರಿಗಳ ಕಾಯಿದೆ ಇದೆಯಲ್ಲ? ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಕೂಡದೆಂದು ಅದು ಹೇಳುತ್ತದೆ. ಪಟ್ಟಣ ಮಾರಾಟ ಸಮಿತಿಯಲ್ಲಿ ಶೇಕಡಾ 40ರಷ್ಟು ಸ್ಥಾನ ವ್ಯಾಪಾರಿಗಳೇ ಆರಿಸಿದವರದು, ಅದರಲ್ಲಿ ಮೂರನೆಯ ಒಂದು ಪಾಲು ಹೆಂಗಸರದು.

ಆದ್ದರಿಂದ ನಾವು ಹೇಳುವುದಿಷ್ಟೇ. ಹೋಗಿ, ನೋಡಿ, ಹೊಟ್ಟೆ ತುಂಬ ತಿಂದು ಬನ್ನಿ. ಬಂದ ಮೇಲೆ ನಿಮ್ಮ ಊರಿನ ಪುರಸಭೆಗೆ ಹೋಗಿ ಕೇಳಿ: ಮಾರಾಟ ಸಮಿತಿ ರಚನೆಯಾಗಿದೆಯೇ? ವ್ಯಾಪಾರಿಗಳ ಚುನಾವಣೆ ನಡೆದಿದೆಯೇ? ಸಮೀಕ್ಷೆಯ ಪಟ್ಟಿ ಎಲ್ಲಿ? ಉತ್ತರ ಬರುವ ತನಕ ಗಾಡಿಯವರ ಜೊತೆ ನಿಂತು ಕೇಳುತ್ತಲೇ ಇರಿ.