ಕುಂಟುವ ಕಾಲು, ಕಾಣದ ಗಡ್ಡೆ

ಹದಿಹರೆಯದ ಮಗು ತೊಡೆ ಅಥವಾ ಮಂಡಿ ನೋವೆಂದು ಕುಂಟತೊಡಗಿದರೆ, ಆಟದಲ್ಲಿ ಉಳುಕಿರಬೇಕೆಂದು ಎಣ್ಣೆ ತಿಕ್ಕುವುದು ನಮ್ಮ ಮನೆಗಳ ವಾಡಿಕೆ. ಆದರೆ ಕೆಲವೊಮ್ಮೆ ತೊಡೆಮೂಳೆಯ ತಲೆಯು ಬೆಳವಣಿಗೆಯ ಪದರದಿಂದ ಜಾರಿರುತ್ತದೆ. ದೋಷ ಸೊಂಟದ ಕೀಲಿನಲ್ಲಿದ್ದರೂ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದರಿಂದ, ಮಂಡಿಯ ಎಕ್ಸ್‌-ರೇ ಮಾತ್ರ ತೆಗೆದು ಮಗುವನ್ನು ಮನೆಗೆ ಕಳುಹಿಸುವ ಪ್ರಮಾದವೂ ನಡೆಯುತ್ತದೆ. ತಡವಾದಷ್ಟೂ ಕೀಲು ಶಾಶ್ವತವಾಗಿ ಕೆಡುವ ಅಪಾಯ ಹೆಚ್ಚು. ಸ್ಕ್ರೂ ಹಾಕಿ ಮೂಳೆಯನ್ನು ಸ್ಥಿರಗೊಳಿಸುವುದೇ ಇದಕ್ಕೆ ಚಿಕಿತ್ಸೆ.

ಬೊಜ್ಜು ಇದರ ಮುಖ್ಯ ಕಾರಣ; ಥೈರಾಯ್ಡ್ ಹಾರ್ಮೋನಿನ ಕೊರತೆಯೂ ಕಾರಣವಾಗಬಹುದು. ತೀರ ವಿರಳವಾಗಿ ಇದರ ಹಿಂದೆ ‘ಎಂಇಎನ್ 2ಬಿ’ ಎಂಬ ವಂಶವಾಹಿ ಕಾಯಿಲೆ ಅಡಗಿರುತ್ತದೆ. ‘ರೆಟ್’ ವಂಶವಾಹಿಯ ದೋಷದಿಂದ ಬರುವ ಈ ಕಾಯಿಲೆಯಲ್ಲಿ ಥೈರಾಯ್ಡ್ ಕ್ಯಾನ್ಸರ್ ಶೈಶವದಲ್ಲೇ ಮೊಳೆಯಬಹುದು. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಅಡ್ರಿನಲ್ ಗ್ರಂಥಿಯ ಗಡ್ಡೆಯೂ ಬೆಳೆಯುತ್ತದೆ. ಅದನ್ನು ಗುರುತಿಸದೆ ಅರಿವಳಿಕೆ ಕೊಟ್ಟರೆ ರಕ್ತದೊತ್ತಡ ಹಠಾತ್ತನೆ ಏರಿ, ಸೊಂಟದ ಶಸ್ತ್ರಚಿಕಿತ್ಸೆಯೇ ಪ್ರಾಣಕ್ಕೆ ಕುತ್ತಾದೀತು.

ಹಾಗೆಂದು ಕುಂಟುವ ಪ್ರತಿ ಮಗುವಿಗೂ ವಂಶವಾಹಿ ಪರೀಕ್ಷೆ ಮಾಡಿಸುವುದು ಅಪವ್ಯಯ. ಆದರೆ ಕಣ್ಣಿಗೆ ಕಾಣುವ ಗುರುತುಗಳನ್ನು ನೋಡಲು ವೆಚ್ಚವೇನು? ನೀಳವಾದ ಕೃಶ ಕೈಕಾಲು, ದಪ್ಪ ತುಟಿ, ನಾಲಗೆಯ ಮೇಲೆ ಸಣ್ಣ ಗಂಟುಗಳು, ಹಸುಗೂಸಾಗಿದ್ದಾಗಿನಿಂದ ಮಲಬದ್ಧತೆ, ಅತ್ತರೂ ಬಾರದ ಕಣ್ಣೀರು: ಇವುಗಳಲ್ಲಿ ಕೆಲವು ಒಟ್ಟಿಗಿದ್ದರೆ ಮೊದಲು ರಕ್ತ, ಮೂತ್ರ ಪರೀಕ್ಷೆಯಿಂದ ಅಡ್ರಿನಲ್ ಗಡ್ಡೆಯಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕುಟುಂಬದಲ್ಲಿ ಯಾರಿಗೂ ಇಲ್ಲವೆಂಬ ಉತ್ತರದಿಂದ ಸಮಾಧಾನಪಡುವಂತಿಲ್ಲ. ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ದೋಷ ಆ ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ.

ಶಾಲೆ, ಅಂಗನವಾಡಿಗಳಿಗೆ ತೆರಳಿ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುವ ‘ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ’ 2013ರಲ್ಲೇ ಆರಂಭವಾಗಿದೆ. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ 2021ರಲ್ಲಿ ಬಂದಿದೆ. ಕೊರತೆ ಇರುವುದು ಎರಡನ್ನೂ ಬೆಸೆಯುವ ಕೊಂಡಿಯಲ್ಲಿ. ಕುಂಟುವ ಮಗುವಿನ ಸೊಂಟವನ್ನೂ ಪರೀಕ್ಷಿಸಿ, ಬಾಯಿ ತೆರೆಸಿ ನಾಲಗೆಯನ್ನೂ ನೋಡಿ, ಸಂಶಯವಿದ್ದರೆ ತಜ್ಞರ ಬಳಿಗೆ ಕಳುಹಿಸುವ ನಿಯಮವೊಂದು ತಪಾಸಣಾ ಪಟ್ಟಿಗೆ ಸೇರಬೇಕು. ಇದಕ್ಕೆ ಹೊಸ ಇಲಾಖೆಯೂ ಬೇಡ, ಕೋಟಿಗಟ್ಟಲೆ ಅನುದಾನವೂ ಬೇಡ.

‘ಅಪರೂಪ’ ಎಂಬ ಪದ ಸರ್ಕಾರಿ ಕಡತಗಳಲ್ಲಿ ಬಹುಪಾಲು ಮುಂದೂಡಿಕೆಯ ನೆಪವಾಗುವುದನ್ನು ಸೇವಾವಧಿಯಲ್ಲಿ ಕಂಡಿದ್ದೇನೆ. ಸರಾಸರಿಯ ಲೆಕ್ಕದಲ್ಲಿ ಅಪರೂಪವಾದುದು, ಆ ಮನೆಯ ಪಾಲಿಗೆ ನೂರಕ್ಕೆ ನೂರು.