ತರಿಸಿಕೊಂಡರಾಯಿತು ಅನ್ನುವವರಿಗೆ

ಹಪ್ಪಳ, ಸಂಡಿಗೆ, ಹುಳಿಪುಡಿ ಮನೆಯಲ್ಲೇ ಆಗಬೇಕು, ಅಂಗಡಿಯದಕ್ಕೆ ರುಚಿಯಿಲ್ಲ ಎನ್ನುವವರನ್ನು ನಾವೆಲ್ಲ ಕಂಡಿದ್ದೇವೆ. ಅದೇ ಜನ, ಮನೆಯ ಹುಡುಗಿ ಅಂಗೈಯಗಲದ ಒಂದು ಸರ್ಕ್ಯೂಟ್ ಬೋರ್ಡನ್ನು ತಾನೇ ಮಾಡುತ್ತೇನೆ ಎಂದರೆ, "ಅದೆಲ್ಲ ಯಾಕೆ ಮನೇಲಿ? ತರಿಸಿಕೊಂಡರಾಯಿತು" ಎನ್ನುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಮಾಳಿಗೆ ಮೇಲೆ ಬೆನ್ನು ಸುಟ್ಟುಕೊಂಡು ಸಂಡಿಗೆ ಇಡುವಾಗ ಯಾರಿಗೂ ನೆನಪಾಗದ ನಮ್ಮ ಕೈ, ನಮ್ಮ ಬಟ್ಟೆ, ನಮ್ಮ ಆರೋಗ್ಯ ಆಗ ಇದ್ದಕ್ಕಿದ್ದ ಹಾಗೆ ನೆನಪಾಗುತ್ತವೆ. ಈ ಕಾಳಜಿಯ ಮೇಲೆ ನನಗೆ ಮೊದಲಿಂದಲೂ ಗುಮಾನಿ.

ಬೋರ್ಡು ಅಂದರೇನು ಎಂದು ಗಾಬರಿಯಾಗಬೇಡಿ. ಕೆಟ್ಟುಹೋದ ಟಿವಿ ರಿಮೋಟಿನ ಬೆನ್ನು ಬಿಚ್ಚಿ ನೋಡಿ. ಒಳಗೊಂದು ತೆಳ್ಳನೆ ಹಲಗೆ, ಅದರ ಮೇಲೆ ಎಳೆ ರಂಗೋಲಿಯ ಹಾಗೆ ಗೆರೆಗಳು. ಆ ಗೆರೆಗಳೇ ತಂತಿ. ಒಳ್ಳೆಯ ಹಲಗೆಯಾದರೆ ಗಾಜಿನ ನೂಲು ಮತ್ತು ರಾಳದಿಂದ ಮಾಡಿದ್ದು, ದಪ್ಪ ಸಾಮಾನ್ಯವಾಗಿ 1.6 ಮಿಲಿಮೀಟರ್. ಅದಕ್ಕೆ ಅಂಟಿಸಿದ ತಾಮ್ರದ ಹಾಳೆ ಬರೀ 35 ಮೈಕ್ರಾನ್, ಅಂದರೆ ಒಂದು ಮಿಲಿಮೀಟರನ್ನು ಸುಮಾರು ಮೂವತ್ತು ಪಾಲು ಮಾಡಿದರೆ ಅದರಲ್ಲೊಂದು ಪಾಲು. ಬೇಕಾದ ಗೆರೆಗಳನ್ನು ಉಳಿಸಿಕೊಂಡು ಮಿಕ್ಕ ತಾಮ್ರವನ್ನು ಕರಗಿಸಿಬಿಟ್ಟರೆ ಬೋರ್ಡು ಆಯಿತು. ಮನೆಯಲ್ಲಿ ಮಾಡುವ ಬಗೆ ಇಷ್ಟೇ: ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆದು, ನುಣುಪು ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆದು, ತಾಮ್ರದ ಮೇಲೆ ಕವುಚಿ, ಇಸ್ತ್ರಿ ಪೆಟ್ಟಿಗೆಯಿಂದ ಒತ್ತಬೇಕು. ಪ್ರಿಂಟಿನ ಕಪ್ಪು ತಾಮ್ರಕ್ಕೆ ಅಂಟಿಕೊಳ್ಳುತ್ತದೆ. ಕಾಗದವನ್ನು ನೀರಲ್ಲಿ ನೆನೆಸಿ ಉಜ್ಜಿ ತೆಗೆದು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಕದಡಿಟ್ಟ ಫೆರಿಕ್ ಕ್ಲೋರೈಡಿಗೆ ಇಳಿಬಿಟ್ಟರೆ, ಕಪ್ಪು ಕಾದದ್ದು ಉಳಿದು ಉಳಿದದ್ದೆಲ್ಲ ಕರಗುತ್ತದೆ. ಸ್ಟೀಲ್ ಪಾತ್ರೆ ಮಾತ್ರ ಬೇಡ, ಅದನ್ನೂ ತಿನ್ನುತ್ತದೆ. ಆಮೇಲೆ ಒಂದು ಮಿಲಿಮೀಟರಿನಷ್ಟು ಸಣ್ಣ ತೂತುಗಳನ್ನು ಕೊರೆಯುವುದು. ಇದು ಚಕ್ಕುಲಿಗಿಂತ ಕಷ್ಟವೂ ಅಲ್ಲ, ಸುಲಭವೂ ಅಲ್ಲ.

ನಮ್ಮದು ಗುಬ್ಬಿ ತಾಲ್ಲೂಕಿನಲ್ಲಿ, ಬಿದರೆಹಳ್ಳ ಕಾವಲ್‌ನ ಕಡೆ. ತೆಂಗು, ಅಡಿಕೆ, ಕೊಳವೆಬಾವಿ. ತ್ರೀಫೇಸ್ ಕರೆಂಟು ಬಂದಾಗ ಮೋಟರು ಹಾಕಬೇಕು, ಅದು ಎಷ್ಟೋ ಸಲ ಬರುವುದೇ ನಡುರಾತ್ರಿ. ಬ್ಯಾಟರಿ ಹಿಡಿದು ತೋಟಕ್ಕೆ ಹೋಗುವ ಆ ಕೆಲಸದ ಬೇಸರ ನಮ್ಮ ಕಡೆಯ ಹೆಂಗಸರಿಗೆ ಹೇಳಬೇಕಾಗಿಲ್ಲ. ಕರೆಂಟು ಬಂದ ಕೂಡಲೇ ತಾನೇ ಚಾಲೂ ಆಗುವ ಸ್ಟಾರ್ಟರುಗಳು ಪೇಟೆಯಲ್ಲಿವೆ. ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತ ನಮ್ಮ ಮನೆಯಲ್ಲೇ ಇರುವ ಅಣ್ಣನ ಮಗಳಿಗೆ ಅದರ ಮೇಲೊಂದು ಹಟ: ಮೂರು ಫೇಸೂ ಸರಿಯಾಗಿ ಬಂದಿದೆಯೇ ನೋಡಿ, ಆಮೇಲಷ್ಟೇ ಮೋಟರು ಹಾಕಿಸಿ, ಫೋನಿಗೊಂದು ಸುದ್ದಿ ಕಳಿಸುವ ಬೋರ್ಡು ಮಾಡಬೇಕು. ಎರಡೇ ಫೇಸಿನಲ್ಲಿ ಓಡಿದ ಮೋಟರಿನ ಸುರುಳಿ ಸುಟ್ಟರೆ ಏನು ಖರ್ಚು ಎಂದು ತೋಟದವರಿಗೆಲ್ಲ ಗೊತ್ತು. 415 ವೋಲ್ಟ್ ಹರಿಯುವ ಭಾಗಕ್ಕೆ ಕೈ ಹಾಕಬಾರದು, ಅದಕ್ಕೆ ಕೊಂಡ ಸಾಮಾನೇ ಆಗಬೇಕು ಎಂದು ಮೊದಲೇ ಮಾತಾಯಿತು. ಅವಳ ಕೈಕೆಲಸವೆಲ್ಲ ಹನ್ನೆರಡು ವೋಲ್ಟಿನ ಕಡೆ.

ಅಣ್ಣ ಫೋನಿನಲ್ಲೇ ಕೂಗಾಡಿದ. "ಆಸಿಡ್ಡು ಗೀಸಿಡ್ಡು ಅಂತ ಮುಖ ಸುಟ್ಟುಕೊಂಡರೆ ಯಾರು ಜವಾಬ್ದಾರಿ?" ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಮಗ ಮಾತ್ರ ಸಮಾಧಾನವಾಗಿ ವಾದ ಮಾಡಿದ. ಅವನ ಮಾತು ತಳ್ಳಿಹಾಕುವಂಥದ್ದಲ್ಲ, ಕೇಳಿ. ನಕ್ಷೆಯ ಫೈಲು ಕಳಿಸಿದರೆ ಚೀನಾದ ಷೆಂಜೆನ್‌ನಿಂದಲೂ ಬರುತ್ತದೆ, ನಮ್ಮ ದೇಶದಲ್ಲೂ ಮಾಡಿಕೊಡುವವರಿದ್ದಾರೆ. ಎರಡೂ ಮಗ್ಗುಲಲ್ಲಿ ಗೆರೆ, ತೂತಿನ ಒಳಗೋಡೆಗೂ ತಾಮ್ರದ ಲೇಪ, ಮೇಲೆ ಹಸಿರು ಹೊದಿಕೆ. ಇವನ್ನು ಇಸ್ತ್ರಿ ಪೆಟ್ಟಿಗೆಯಿಂದ ಮಾಡಲಾಗದು. "ಅಮ್ಮ, ತಾಮ್ರದ ಹಲಗೆ, ಡ್ರಿಲ್ಲು, ಕೆಮಿಕಲ್ಲು ಎಲ್ಲ ಎಸ್.ಪಿ. ರಸ್ತೆಯಿಂದ ತರೋ ಖರ್ಚಲ್ಲಿ ಐದು ಬೋರ್ಡು ಮನೆ ಬಾಗಿಲಿಗೆ ಬರುತ್ತೆ" ಎಂದ. ಲೆಕ್ಕ ಸರಿ. ಲೆಕ್ಕದ ಆಚೆಗೊಂದು ವಿಷಯವಿದೆ ಎಂಬುದಷ್ಟೇ ನನ್ನ ತಕರಾರು.

ಅವಳ ಮೊದಲ ಬೋರ್ಡಿನಲ್ಲಿ ರಿಲೇ ಹಿಡಿಯಲೇ ಇಲ್ಲ. ಎರಡು ಗಂಟೆ ತಡಕಾಡಿದ ಮೇಲೆ ಸಿಕ್ಕಿದ್ದು ಇದು: ಬಿಸಿ547 ಎನ್ನುವ ಮೂರು ಕಾಲಿನ ಟ್ರಾನ್ಸಿಸ್ಟರಿಗೆಂದು ನಕ್ಷೆ ಬರೆದು, ನೋಡಲು ಹಾಗೇ ಇರುವ ಪಿಎನ್2222 ಎನ್ನುವುದನ್ನು ಕೂರಿಸಿದ್ದಳು. ಎರಡರ ಕಾಲುಗಳ ಸಾಲು ತಿರುಗುಮುರುಗು. ಬೇಕೆಂದರೆ ಅದನ್ನೇ ಕಿತ್ತು ತಿರುಗಿಸಿ ಹಾಕಬಹುದಿತ್ತು, ಅವಳು ಒಪ್ಪಲಿಲ್ಲ. ನಕ್ಷೆ ತಿದ್ದಿ ಮರುದಿನ ಸಂಜೆಗೆ ಇನ್ನೊಂದು ಬೋರ್ಡು ಮಾಡಿದಳು, ಜತೆಗೆ ಎರಡು ಗೆರೆ ಅಗಲವಾಯಿತು, ಒಂದು ತೂತು ಜಾಗ ಬದಲಾಯಿಸಿತು. ತರಿಸಿಕೊಂಡಿದ್ದರೆ? ಹತ್ತು ಹದಿನೈದು ದಿನ ಕಾದು, ಅದೇ ತಪ್ಪಿನ ಐದು ಪ್ರತಿ ಚೆಂದದ ಪೊಟ್ಟಣದಲ್ಲಿ ಬರುತ್ತಿತ್ತು. ಕಾರ್ಖಾನೆಯವರು ಕೊಟ್ಟ ಗೆರೆಯನ್ನು ಮಾಡಿಕೊಡುತ್ತಾರೆ, ಗೆರೆ ಸರಿಯೇ ಎಂದು ಕೇಳುವುದು ಅವರ ಕೆಲಸವಲ್ಲ.

ಈ ಬೋರ್ಡು ಹುಟ್ಟಿದ್ದಾದರೂ ಎಲ್ಲಿ? ವಿಯೆನ್ನಾದವನಾದ ಪಾಲ್ ಐಸ್ಲರ್ 1936ರಲ್ಲಿ ಲಂಡನ್ನಿಗೆ ಬಂದು, ನೌಕರಿಯಿಲ್ಲದೆ ಹ್ಯಾಂಪ್‌ಸ್ಟೆಡ್ಡಿನ ಒಂದು ವಸತಿಗೃಹದ ಕೋಣೆಯಲ್ಲಿ ಕೂತು ಮುದ್ರಿತ ಗೆರೆಗಳ ರೇಡಿಯೋ ಕಟ್ಟಿದ. ಅಂದರೆ ಮನೆಯಲ್ಲೇ. ಅದನ್ನೊಂದು ಕಂಪನಿಗೆ ತೋರಿಸಿದಾಗ ಅವರು ಬೇಡವೆಂದರಂತೆ, ಕಾರಣ ಅವನೇ ಹೇಳಿಕೊಂಡಿದ್ದಾನೆ: ತಂತಿ ಜೋಡಿಸುವ ಕೆಲಸಕ್ಕೆ ಹುಡುಗಿಯರಿದ್ದಾರೆ, ಅವರು ಇದಕ್ಕಿಂತ ಅಗ್ಗ, ಹೇಳಿದ ಹಾಗೆ ಬಗ್ಗುತ್ತಾರೆ. ಓದಿದಾಗ ನನಗೆ ಮೈ ಉರಿಯಿತು. ಆದರೆ ಆಶ್ಚರ್ಯವೇನೂ ಆಗಲಿಲ್ಲ.

ಯಾಕೆಂದರೆ ನಮ್ಮ ಕಡೆಯ ಕತೆಯೂ ಇದೇ. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆ ನಡೆಯುತ್ತಿದ್ದ ಕಾಲ ನನ್ನ ವಯಸ್ಸಿನವರಿಗೆ ಗೊತ್ತು. ಸೂಕ್ಷ್ಮ ಜೋಡಣೆಗೆ ಹೆಂಗಸರ ಕೈಯೇ ಸರಿ ಎಂಬ ಹೊಗಳಿಕೆ ಆಗ ಎಲ್ಲರ ಬಾಯಲ್ಲಿ. ಗಡಿಯಾರ ಹೇಗಿರಬೇಕು ಎಂದು ಬರೆಯುವ ಮೇಜಿನ ಬಳಿ ಆ ಹೊಗಳಿಕೆ ಕೇಳಿದ್ದು ನನಗೆ ನೆನಪಿಲ್ಲ. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿತು. ಅದೇ ತಿಂಗಳ 3ರಂದು ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಅಡಿಗಲ್ಲು ಬಿತ್ತು. 615 ಎಕರೆ. 2023ರ ಫೆಬ್ರವರಿ 6ರಂದು ಉದ್ಘಾಟನೆಯೂ ಆಯಿತು. ಕಾವಲ್ ಅಂದರೆ ದನ ಮೇಯುವ ಬಯಲು, ಈಗ ಅಲ್ಲಿ ಮೂರು ಟನ್ನಿನ ವರ್ಗದ ಹಗುರ ಹೆಲಿಕಾಪ್ಟರಿನ ಮಾತು. ಹೆಲಿಕಾಪ್ಟರಿನ ಬೋರ್ಡನ್ನು ಮನೆಯ ಡಬ್ಬಿಯಲ್ಲಿ ಅದ್ದಿ ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ, ಅಷ್ಟು ಬುದ್ಧಿ ನನಗಿದೆ. ಜೀವ ತೂಗಾಡುವ ಕಡೆ ಪರೀಕ್ಷೆಯಾಗಿ ಬಂದ ಬೋರ್ಡೇ ಬೇಕು. ಆದರೆ ಆ ಗೇಟಿನೊಳಗೆ ನಮ್ಮ ಹುಡುಗಿಯರು ಹೋಗುವುದಾದರೆ ಬೆರಳು ಸಣ್ಣಗಿದೆ ಎಂಬ ಕಾರಣಕ್ಕೆ ಮತ್ತೊಮ್ಮೆ ಹೋಗಬೇಕೆ, ಗೆರೆ ಎಲ್ಲಿ ಹೋಗಬೇಕೆಂದು ತಿಳಿದವರಾಗಿ ಹೋಗಬೇಕೆ?

ತನ್ನದೇ ನಕ್ಷೆ ಕಳಿಸಿ ಬೋರ್ಡು ತರಿಸುವುದಕ್ಕೂ ಯಾರೋ ಮಾಡಿಟ್ಟ ಪ್ರಾಜೆಕ್ಟು ಕೊಳ್ಳುವುದಕ್ಕೂ ಅಜಗಜಾಂತರ, ನಿಜ. ಆದರೆ ಆ ಜಾರುಬಂಡೆ ಎಷ್ಟು ನುಣುಪು ಎಂದು ಕಾಲೇಜಿಗೆ ಮಕ್ಕಳನ್ನು ಕಳಿಸುವ ನೀವೇ ಹೇಳಿ. ಬೆಂಗಳೂರಿನಲ್ಲಿ ಪ್ರಾಜೆಕ್ಟನ್ನೇ ಕಟ್ಟಿಕೊಡುವ ಅಂಗಡಿಗಳಿವೆ, ವರದಿಯೂ ಸೇರಿ. ನಮ್ಮ ಹುಡುಗಿಗೂ ಮೇಷ್ಟ್ರೊಬ್ಬರು ಆ ದಾರಿ ತೋರಿಸಿದರಂತೆ, "ನೀವು ಹುಡುಗೀರು ಯಾಕಮ್ಮ ಕೈ ಹಳದಿ ಮಾಡ್ಕೋತೀರಿ?" ಎಂದು. ಹುಡುಗರಿಗೆ ಬೈದು ಮಾಡಿಸುತ್ತಾರೆ, ಹುಡುಗಿಯರಿಗೆ ಮರುಕಪಟ್ಟು ಬಿಡಿಸುತ್ತಾರೆ. ಮರುಕಕ್ಕೆ ಅಂಕ ಸಿಗುತ್ತದೆ, ಕೆಲಸ ಬರುವುದಿಲ್ಲ.

ಮನೆಯ ಪರವಾಗಿ ಮಾತಾಡುವವರೂ ಒಂದು ವಿಷಯ ನುಂಗಿಬಿಡುತ್ತಾರೆ. ಬೋರ್ಡು ಮಾಡಿದ ಮೇಲೆ ಆ ಕಂದು ನೀರು ಎಲ್ಲಿಗೆ? ಅದರಲ್ಲಿ ಕರಗಿದ ತಾಮ್ರವಿದೆ. ಬಚ್ಚಲಿಗೆ ಸುರಿದರೆ ಗುಂಡಿಯಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳು ಸಾಯುತ್ತವೆ, ಕೆರೆ ಸೇರಿದರೆ ಮೀನಿಗೆ ವಿಷ, ಗಿಡದ ಬುಡಕ್ಕೂ ಬೇಡ. ನಮ್ಮ ಮನೆಯ ಕಟ್ಟಳೆ ಹೀಗಿದೆ: ಕೈಗವಸು, ಕನ್ನಡಕ ಹಾಕದೆ ಡಬ್ಬಿ ತೆರೆಯುವಂತಿಲ್ಲ, ಅಡುಗೆಮನೆಗೆ ಪ್ರವೇಶವಿಲ್ಲ, ಹಿತ್ತಿಲ ಜಗಲಿಯೇ ಗತಿ, ಒಂದೇ ದ್ರಾವಣವನ್ನು ಸತ್ವ ಇರುವ ತನಕ ಮತ್ತೆ ಮತ್ತೆ ಬಳಸಬೇಕು, ಮುಗಿದ ಮೇಲೆ ವಾಷಿಂಗ್ ಸೋಡಾ ಚೂರುಚೂರೇ ಹಾಕಿ, ನೊರೆ ನಿಂತು ಕೆಸರು ತಳಕ್ಕೆ ಇಳಿದ ಮೇಲೆ, ಆ ಕೆಸರನ್ನು ಹೆಸರು ಬರೆದ ಡಬ್ಬಿಯಲ್ಲಿ ಮುಚ್ಚಿಡಬೇಕು. ಅವಳ ಪಾಲಿಟೆಕ್ನಿಕ್ಕಿನ ಕೆಮಿಸ್ಟ್ರಿ ಪ್ರಯೋಗಾಲಯದವರು ತೆಗೆದುಕೊಳ್ಳಲು ಒಪ್ಪಿದ್ದಾರೆ. ಜಗಲಿಯ ಕಲೆ ಉಜ್ಜುವುದೂ ಅವಳೇ. ಗಂಡುಮಕ್ಕಳು ಮನೆಯಲ್ಲಿ ಏನಾದರೂ ಕಟ್ಟಿದರೆ ಹೊಗಳಿಕೆ ಅವರಿಗೆ, ಕಲೆ ತೆಗೆಯುವುದು ಅಮ್ಮನಿಗೆ. ಈ ಪದ್ಧತಿಯನ್ನು ಹೆಣ್ಣುಮಕ್ಕಳಿಗೂ ಮುಂದುವರಿಸುವಷ್ಟು ಉದಾರಿ ನಾನಲ್ಲ.

ಮೂರನೆಯ ಬೋರ್ಡು ನಮ್ಮ ತೋಟದ ಸ್ಟಾರ್ಟರು ಪೆಟ್ಟಿಗೆಯಲ್ಲಿ ಒಂದು ಮಳೆಗಾಲ ಕಳೆಯಿತು. ನೋಡಿದ ಅಕ್ಕಪಕ್ಕದವರು ತಮಗೂ ಬೇಕೆಂದರು. ಆಗ ಅವಳೇ ಹೇಳಿದಳು: "ಅತ್ತೆ, ಇನ್ನು ತರಿಸೋಣ. ಪೆಟ್ಟಿಗೆಯೊಳಗೆ ತೇವ, ಇರುವೆ, ಹಲ್ಲಿ. ಹಸಿರು ಹೊದಿಕೆ ಇಲ್ಲದೆ ಬೇರೆಯವರ ಮನೆಗೆ ಕೊಡಬಾರದು." ಐದು ತರಿಸಿದಳು. ಪೊಟ್ಟಣ ಬಿಚ್ಚಿದ ದಿನ ಅಣ್ಣನೂ ಊರಿಂದ ಬಂದಿದ್ದ. ಬೋರ್ಡನ್ನು ಹಿಂದೆಮುಂದೆ ತಿರುಗಿಸಿ ನೋಡಿ, "ನಾನು ಮೊದಲೇ ಬಡಕೊಂಡೆ, ತರಿಸಿಕೋ ಅಂತ" ಎಂದ. ಅವಳು ಒಳಗೆ ಹೋಗಿ, ರಿಲೇ ಹಿಡಿಯದ ಮೊದಲ ಬೋರ್ಡು ತಂದು ಅವನ ಕೈಲಿಟ್ಟಳು. "ಇದನ್ನ ಐದು ತರಿಸಬೇಕಿತ್ತಾ ಅಪ್ಪ?"